ಚುನಾವಣೆ ಬಂದಾಗ ನಮ್ಮ ಪೇಪರಿನ ಮೂರನೇ ಪುಟಕ್ಕೆ ಏನಾಗುತ್ತೆ?

ಅಡಿಕೆತೋಟ (ಚರ್ಚೆ ಶುರು ಮಾಡಿದವರು)

2023ರ ವಿಧಾನಸಭಾ ಚುನಾವಣೆಗೆ ಇನ್ನೊಂದು ವಾರ ಇತ್ತು. ಕಟಿಂಗ್ ಮಾಡಿಸೋಕೆ ಬಸ್ ಸ್ಟ್ಯಾಂಡ್ ಹತ್ತಿರದ ಸಲೂನಿಗೆ ಹೋಗಿದ್ದೆ. ನನಗಿಂತ ಮುಂಚೆ ಮೂರು ಜನ ಕೂತಿದ್ದರು. ಅಲ್ಲಿಗೆ ಎರಡು ಪೇಪರ್ ಬರುತ್ತೆ, ಒಂದು ರಾಜ್ಯದ್ದು, ಒಂದು ನಮ್ಮ ಜಿಲ್ಲೆಯದೇ. ರಾಜ್ಯ ಪೇಪರಿನ ಮೂರನೇ ಪುಟ ನಮ್ಮ ಜಿಲ್ಲೆಗೆ ಮೀಸಲು. ಅದರಲ್ಲಿ ಒಬ್ಬ ಅಭ್ಯರ್ಥಿ ಬಗ್ಗೆ ನಾಲ್ಕು ಕಾಲಂ: ಹೋದಲ್ಲೆಲ್ಲ ಜನಸಾಗರ, ಮನೆಮನೆಯಲ್ಲೂ ಆರತಿ, ಗೆಲುವು ನಿಶ್ಚಿತ. ಓದಿ ಪಕ್ಕಕ್ಕಿಟ್ಟು ಜಿಲ್ಲಾ ಪೇಪರ್ ಎತ್ತಿಕೊಂಡೆ. ಅದರಲ್ಲೂ ಅದೇ ಸುದ್ದಿ, ಅಕ್ಷರಕ್ಕೆ ಅಕ್ಷರ ಅದೇ. ಮೂರನೇ ಪ್ಯಾರಾದಲ್ಲಿ "ಆರ್ಶೀವಾದ" ಅಂತ ತಪ್ಪು ಅಚ್ಚಾಗಿತ್ತು, ಇದರಲ್ಲೂ "ಆರ್ಶೀವಾದ". ಫೋಟೋನೂ ಅದೇ, ದೊಡ್ಡ ಹೂವಿನ ಹಾರದ ಹಿಂದೆ ಅರ್ಧ ಮುಖ ಕಾಣೋ ಅದೇ ಹುಡುಗ. ಹೆಡ್ಡಿಂಗ್ ಒಂದು ಬೇರೆ ಇತ್ತು.

ಕತ್ತರಿ ಹಿಡಿದಿದ್ದವನಿಗೆ ತೋರಿಸಿದೆ. "ಅಣ್ಣಾ, ನಾಳೆ ಇನ್ನೊಬ್ಬರದು ಬರುತ್ತೆ ನೋಡಿ, ಪಾಳಿ ಪ್ರಕಾರ" ಅಂದ. ಬಂತು. ಅದೇ ಜಾಗ, ಅದೇ ನಾಲ್ಕು ಕಾಲಂ, ಅವರ ಗೆಲುವೂ ನಿಶ್ಚಿತ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆಮೇಲೆ ಹಳೇ ಪೇಪರ್‌ಗಳನ್ನ ಮನೇಲಿ ತಿರುವಿ ಹಾಕಿದಾಗ ಬೇರೊಂದು ಕಣ್ಣಿಗೆ ಬಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ ಅದೇ ಮೂರನೇ ಪುಟದಲ್ಲಿ ಅಡಿಕೆ ಎಲೆಚುಕ್ಕಿ ರೋಗ ಇತ್ತು, ಔಷಧಿ ಹೊಡೆಯೋಕೆ ಸಹಾಯಧನ ಬಂದಿಲ್ಲ ಅನ್ನೋದಿತ್ತು, ತಾಲ್ಲೂಕು ಆಸ್ಪತ್ರೇಲಿ ಹೆರಿಗೆ ಡಾಕ್ಟರ್ ಇಲ್ಲ ಅನ್ನೋದಿತ್ತು. ಮಾರ್ಚ್ 29ಕ್ಕೆ ಚುನಾವಣೆ ಘೋಷಣೆ ಆಯ್ತು, ಏಪ್ರಿಲ್ ಅರ್ಧ ಕಳೆಯೋ ಹೊತ್ತಿಗೆ ಇದೆಲ್ಲ ಮಾಯ. ಪುಟ ಅಷ್ಟೇ ಇದೆ. ತೋಟದಲ್ಲಿ ರೋಗವೂ ಹಾಗೇ ಇದೆ.

ಪೇಪರ್ ಓದಿಕೊಂಡು "ಹಾಗಾದ್ರೆ ಇವರಿಗೇ ಹಾಕ್ತೀನಿ" ಅಂತ ಎದ್ದು ಹೋದವರನ್ನ ನಾನಂತೂ ನೋಡಿಲ್ಲ. ಆದರೆ ಮನೆ ಬಾಗಿಲಿಗೆ ಬಂದವರನ್ನ ಏನು ಕೇಳಬೇಕು ಅನ್ನೋದು ಪೇಪರಿಂದ ಬರುತ್ತೆ. ಆ ಒಂದು ತಿಂಗಳು ಎಲೆಚುಕ್ಕಿ ಎತ್ತಿದರೆ, ಜಗಲಿ ಮೇಲೆ ಕೂತಿದ್ದ ನಮ್ಮ ಚಿಕ್ಕಪ್ಪನೇ "ಈಗ ಅದೆಲ್ಲಾ ಯಾಕೋ" ಅಂತಿದ್ದರು. ನಿಮ್ಮ ಕಡೆ ಹೇಗೆ?

ಬಯಲುಸೀಮೆ ಹುಡುಗ

ಪೇಪರಾ? ಗುರೂ, ನಮ್ಮನೇಲಿ ಪೇಪರ್ ಓದೋದು ತಾತ ಒಬ್ಬರೇ. ಅದೂ ಭವಿಷ್ಯ ಮತ್ತೆ ನಿಧನವಾರ್ತೆ. ಉಳಿದಿದ್ದೆಲ್ಲ ವಾಟ್ಸಾಪಲ್ಲೇ ಇತ್ಯರ್ಥ.

ಅಡಿಕೆತೋಟ

ಆ ವಾಟ್ಸಾಪಲ್ಲಿ ಓಡಾಡೋದೇನು ಹೇಳಪ್ಪ? ಅರ್ಧಕ್ಕರ್ಧ ಪೇಪರ್ ತುಣುಕಿನ ಫೋಟೋ. ಬಾಯಲ್ಲಿ ಹೇಳಿದರೆ ಗಾಳಿಸುದ್ದಿ, "ಪೇಪರಲ್ಲೇ ಬಂದಿದೆ" ಅಂದ್ರೆ ಮುಗೀತು. ಸುಳ್ಳು ಹಬ್ಬಿಸೋರು ಪೇಪರಿನ ಅಕ್ಷರದ ಥರಾನೇ ನಕಲಿ ತುಣುಕು ಮಾಡಿಸೋದು ಯಾಕೆ ಮತ್ತೆ?

ಹಳೇ ಬಂಡಲ್

ಆ "ಆರ್ಶೀವಾದ" ಹೇಗೆ ಎರಡೂ ಕಡೆ ಬಂತು ಅಂತ ನಾನು ಹೇಳ್ತೀನಿ. ಹನ್ನೊಂದು ವರ್ಷ ತಾಲ್ಲೂಕು ವರದಿಗಾರ ಆಗಿದ್ದೆ. ಪತ್ರಿಕೆ ಹೆಸರು ಕೇಳಬೇಡಿ.

ಅಭ್ಯರ್ಥಿ ಆಫೀಸಲ್ಲಿ ಒಬ್ಬ ಹುಡುಗ ಕೂತಿರ್ತಾನೆ. ದಿನಾ ಸಂಜೆ ಐದಕ್ಕೆ ಸುದ್ದಿ ಬರೆದು, ಫೋಟೋ ಜೊತೆ ವರದಿಗಾರರ ಗ್ರೂಪಿಗೆ ಹಾಕ್ತಾನೆ. ನಾವು ಹೆಡ್ಡಿಂಗ್ ಬದಲಾಯಿಸಿ ಆಫೀಸಿಗೆ ಕಳಿಸ್ತೀವಿ. ಬದಲಾಯಿಸದವರೂ ಇದ್ದಾರೆ, ಅವರ ಬಗ್ಗೆ ಏನು ಹೇಳಲಿ. ಅಲ್ಲಿ ಪುಟ ಕಟ್ಟೋರಿಗೆ ಒಂದೇ ರಾತ್ರಿಗೆ ನಾಲ್ಕು ಪುಟ ಇಳಿಸೋ ಕೆಲಸ. "ಆರ್ಶೀವಾದ" ನೋಡೋಕೆ ಯಾರಿಗೆ ಪುರುಸೊತ್ತು?

ದುಡ್ಡಿನ ಮಾತಿಗೆ ಬರೋಣ. ನನಗೆ ತಿಂಗಳಿಗೆ ಬರ್ತಿದ್ದ ಗೌರವಧನ ಬೈಕಿನ ಪೆಟ್ರೋಲಿಗೆ ಸಾಲ್ತಿರಲಿಲ್ಲ. ಮನೆ ನಡೀತಿದ್ದಿದ್ದು ಜಾಹೀರಾತಿನ ಕಮಿಷನ್‌ನಲ್ಲಿ. ಯುಗಾದಿಗೆ ಇಷ್ಟು, ದೀಪಾವಳಿಗೆ ಇಷ್ಟು, ಶಾಸಕರ ಹುಟ್ಟುಹಬ್ಬಕ್ಕೆ ಇಷ್ಟು ಅಂತ ಟಾರ್ಗೆಟ್. ನಿನ್ನೆ ಯಾರ ಕಳಪೆ ಕಾಮಗಾರಿ ಬಗ್ಗೆ ಬರೆದಿದ್ದೆನೋ ಅದೇ ಗುತ್ತಿಗೆದಾರನ ಬಾಗಿಲಿಗೆ ಇವತ್ತು "ಶುಭಾಶಯದ ಜಾಹೀರಾತು ಕೊಡಿ ಸಾರ್" ಅಂತ ಹೋಗಿ ನಿಲ್ಲಬೇಕು. ಚುನಾವಣೆ ಅಂದರೆ ಐದು ವರ್ಷಕ್ಕೊಮ್ಮೆ ಬರೋ ಸುಗ್ಗಿ. ಅದಕ್ಕೆ ನಮ್ಮಲ್ಲಿ "ಪ್ಯಾಕೇಜ್" ಅಂತೀವಿ: ನಾಮಪತ್ರ ಹಾಕಿದ ದಿನದಿಂದ ಬಹಿರಂಗ ಪ್ರಚಾರ ಮುಗಿಯೋವರೆಗೆ ಇಷ್ಟು ಸುದ್ದಿ, ಇಷ್ಟು ಫೋಟೋ, ಒಂದು ಸಂದರ್ಶನ. ಅದರಲ್ಲಿ ಕಾಗದದ ಮೇಲೆ ಬರೆಯದ ಒಂದು ಬಾಬ್ತು ಇರುತ್ತೆ. ಅಷ್ಟು ದಿನ ಅವರ ಬಗ್ಗೆ ಬೇಡದ್ದು ಯಾವುದೂ ಬರಬಾರದು. ಅದರ ರೇಟೇ ಜಾಸ್ತಿ.

ಪ್ಯಾಕೇಜ್ ತಗೊಳ್ಳದವರ ಕಥೆ ಹೇಳ್ತೀನಿ. ನಮ್ಮ ಕ್ಷೇತ್ರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪಕ್ಷೇತರರಾಗಿ ನಿಂತಿದ್ದರು. ಸೈಕಲ್ ಮೇಲೆ ಪ್ರಚಾರ. ಕೆರೆ ಒತ್ತುವರಿ ಒಂದೇ ವಿಷಯ, ಸರ್ವೆ ನಂಬರ್ ಸಮೇತ ಪಟ್ಟಿ ಇಟ್ಟುಕೊಂಡಿದ್ದರು. ನನಗೂ ಪಾಠ ಮಾಡಿದವರು. ಎರಡು ಪ್ಯಾರಾ ಬರೆದು ಕಳಿಸಿದೆ, ಬರಲಿಲ್ಲ. ಮತ್ತೆ ಕಳಿಸಿದೆ, ಬರಲಿಲ್ಲ. ಒಂದು ದಿನ ಬೆಳಗ್ಗೆ ಮನೆಗೇ ಬಂದರು. "ಕೆರೆ ವಿಷಯ ಬೇಡ ಕಣಪ್ಪ, ನಾನು ನಿಂತಿದೀನಿ ಅನ್ನೋದಾದ್ರೂ ಬರಲಿ" ಅಂದರು. ಕೊನೆಗೆ ಅವರ ಹೆಸರು ಬಂದಿದ್ದು "ಕಣದಲ್ಲಿರುವ ಇತರರು" ಅನ್ನೋ ಪಟ್ಟಿಯಲ್ಲಿ, ಇನಿಷಿಯಲ್ ತಪ್ಪಾಗಿ. ಮರುವರ್ಷ ಕೆಲಸ ಬಿಟ್ಟೆ. ಈಗ ಗೊಬ್ಬರದಂಗಡಿ ಇಟ್ಟಿದೀನಿ.

ಕಾಪಿ ಡೆಸ್ಕ್

ಹಳೇ ಬಂಡಲ್ ಸರ್, ನಿಮ್ಮ ಮಾತು ಅಲ್ಲಗಳೆಯಲ್ಲ. ಆದರೆ ಡೆಸ್ಕಿನಲ್ಲಿ ಕೂತವರೆಲ್ಲ ಕಣ್ಣು ಮುಚ್ಚಿಕೊಂಡಿರಲ್ಲ. ಇಂಥ ಕಾಪಿ ಎಷ್ಟೋ ಕಸದ ಬುಟ್ಟಿಗೆ ಹೋಗುತ್ತೆ, ಅದಕ್ಕೆ ಜಗಳಗಳೂ ಆಗುತ್ತವೆ. ಅದು ಓದುಗರಿಗೆ ಕಾಣಲ್ಲ ಅಷ್ಟೇ.

ಅಭ್ಯರ್ಥಿಗೆ ನೇರವಾಗಿ ಜಾಹೀರಾತು ಕೊಡೋಕೆ ಏನು ಕಷ್ಟ ಅಂತ ಕೆಲವರಿಗೆ ಅನಿಸಬಹುದು. ಎರಡು ಕಾರಣ. ಜಾಹೀರಾತು ಕೊಟ್ಟರೆ ಖರ್ಚಿನ ಲೆಕ್ಕಕ್ಕೆ ಸೇರುತ್ತೆ. ನಮ್ಮಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆಗೆ ಒಬ್ಬ ಅಭ್ಯರ್ಥಿಯ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಸುದ್ದಿ ವೇಷದಲ್ಲಿ ಬಂದರೆ ಅದಕ್ಕೆ ಲೆಕ್ಕವೂ ಇಲ್ಲ, ರಸೀದಿಯೂ ಇಲ್ಲ. ಇನ್ನೊಂದು, ಜಾಹೀರಾತು ಅಂತ ಗೊತ್ತಾದರೆ ಜನ ಅರ್ಧ ನಂಬ್ತಾರೆ, ಸುದ್ದಿ ಆದರೆ ಪೂರ್ತಿ.

ದೇಶದಲ್ಲಿ ಇದು ದೊಡ್ಡ ಸುದ್ದಿಯಾಗಿದ್ದು 2009ರ ಮಹಾರಾಷ್ಟ್ರ ಚುನಾವಣೆಯಲ್ಲಿ. ಆಗ ಮುಖ್ಯಮಂತ್ರಿ ಅಶೋಕ್ ಚವಾಣ್. ಒಂದಕ್ಕೊಂದು ಪೈಪೋಟಿಯಲ್ಲಿದ್ದ ಮರಾಠಿ ಪತ್ರಿಕೆಗಳಲ್ಲಿ ಅವರನ್ನು ಹೊಗಳಿ ಪುಟಗಟ್ಟಲೆ ಬಂತು, ಕೆಲವು ಕಡೆ ಪದಕ್ಕೆ ಪದ ಒಂದೇ. ಪತ್ರಕರ್ತ ಪಿ. ಸಾಯಿನಾಥ್ ಅದನ್ನು ಹೊರಗೆ ಎಳೆದರು. ಪತ್ರಿಕಾ ಜಾಹೀರಾತಿಗೆ ಚವಾಣ್ ತೋರಿಸಿದ್ದ ಖರ್ಚು 5,379 ರೂಪಾಯಿ. ನಮ್ಮೂರಲ್ಲಿ ಗೃಹಪ್ರವೇಶದ ಜಾಹೀರಾತಿಗೆ ಅದಕ್ಕಿಂತ ಜಾಸ್ತಿ ಆಗುತ್ತೆ. ಪ್ರೆಸ್ ಕೌನ್ಸಿಲ್ ಉಪಸಮಿತಿ ಮಾಡಿತು. ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಸೇರಿ 71 ಪುಟದ ವರದಿ ಬರೆದರು, ಪತ್ರಿಕೆಗಳ ಹೆಸರು ಹಾಕಿಯೇ ಬರೆದರು. 2010ರಲ್ಲಿ ಕೌನ್ಸಿಲ್ ಹೊರಗೆ ಬಿಟ್ಟಿದ್ದು ಹೆಸರಿಲ್ಲದ ಕಿರು ವರದಿಯನ್ನ. ಪೂರ್ತಿ ವರದಿ ಹೊರಬರೋಕೆ 2011ರಲ್ಲಿ ಕೇಂದ್ರ ಮಾಹಿತಿ ಆಯೋಗವೇ ಹೇಳಬೇಕಾಯ್ತು. ಊರಿನವರ ಗುಟ್ಟೆಲ್ಲ ಅಚ್ಚು ಹಾಕೋ ಪತ್ರಿಕೆಗಳಿಗೆ ತಮ್ಮದೇ ಗುಟ್ಟು ಅಂದಾಗ ಎಷ್ಟು ಸಂಕೋಚ ನೋಡಿ.

ಶಿಕ್ಷೆ ಆಗಿಲ್ಲ ಅಂತಲ್ಲ. ಉತ್ತರ ಪ್ರದೇಶದ ಬಿಸೌಲಿ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಲೆಕ್ಕದಲ್ಲಿ ತೋರಿಸದೆ ಬಿಟ್ಟಿದ್ದು 21,250 ರೂಪಾಯಿ. ಚವಾಣ್ ಅವರಿಗೆ ಆಯೋಗ 2014ರಲ್ಲಿ ಕೊಟ್ಟ ನೋಟಿಸನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿತು. ತೊಡಕು ಏನೆಂದರೆ, ದುಡ್ಡು ಕೊಟ್ಟು ಸುದ್ದಿ ಹಾಕಿಸೋದನ್ನೇ ಚುನಾವಣಾ ಅಪರಾಧ ಅನ್ನೋ ಕಾನೂನು ನಮ್ಮಲ್ಲಿಲ್ಲ. ಸಿಕ್ಕಿಬಿದ್ದರೆ ಲೆಕ್ಕ ತಪ್ಪು ಕೊಟ್ಟ ಅಂತ ಹಿಡೀಬೇಕು. ಹಾಗೊಂದು ಕಾನೂನು ಮಾಡಿ ಅಂತ ಕಾನೂನು ಆಯೋಗ 2015ರಲ್ಲೇ ಹೇಳಿದೆ.

ಮಾಡರೇಟರ್

ಮೇಲಿನ ಎರಡು ಕಾಮೆಂಟ್ ತೆಗೆದಿದ್ದೇನೆ. ನಿಮ್ಮ ಕ್ಷೇತ್ರದ ಅಭ್ಯರ್ಥಿ, ವರದಿಗಾರರ ಹೆಸರು ಹಾಕಿ ಬೈಯೋದಾದರೆ ಇಲ್ಲಿ ಬೇಡ. ಚರ್ಚೆ ಚೆನ್ನಾಗಿ ನಡೀತಿದೆ, ಮುಂದುವರಿಸಿ.

ನವಲಗುಂದದಾಂವ

ಅಡಿಕೆತೋಟ ಅವರ, ನೀವು ಹೇಳೂದು ಅರ್ಧ ಖರೆ. ಇನ್ನರ್ಧ ನಾ ಹೇಳ್ತೇನಿ ಕೇಳ್ರಿ.

1980ರ ಜುಲೈದಾಗ ನಮ್ಮ ಕಡೆ ಗೋಲಿಬಾರ್ ಆತು. ನಾ ಆವಾಗ ಹತ್ತನೇ ಇಯತ್ತೆ. ಮಲಪ್ರಭಾ ಕಾಲುವಿ ನೀರು ಹೊಲಕ್ಕ ಮುಟ್ಟಲಿ ಬಿಡಲಿ ಕರ ಕಟ್ರಿ ಅಂತ ಗಂಟು ಬಿದ್ದಿದ್ರು, ರೈತರು ಎದ್ದು ನಿಂತ್ರು. ಆ ಸುದ್ದಿ ನಮಗ ಯಾವ ಪೇಪರೂ ಹೇಳಬೇಕಾಗಿರಲಿಲ್ಲ. ಕಣ್ಣಾರೆ ಕಂಡಿದ್ವಿ. ಆದ್ರ ಮೈಸೂರು, ಮಂಡ್ಯದವ್ರಿಗೆ ನವಲಗುಂದ ಎಲ್ಲೈತಿ ಅಂತ ಗೊತ್ತಾಗಿದ್ದು ಪೇಪರಿನಿಂದ. ಅದ ತಿಂಗಳು ಬೆಂಗಳೂರಾಗ ಲಂಕೇಶ್ ಪತ್ರಿಕೆ ಶುರು ಆತು. ಜಾಹೀರಾತು ತಗೊಳ್ಳಾರದ ಪತ್ರಿಕೆ. ಹುಬ್ಬಳ್ಳಿ ಬಸ್ಸಿನ್ಯಾಗ ನಮ್ಮೂರಿಗೆ ನಾಕೈದು ಪ್ರತಿ ಬರ್ತಿದ್ವು. ಹತ್ತಾರು ಕೈ ದಾಟಿ ನಮ್ಮ ಮನಿಗೆ ಬರೂದ್ರಾಗ ಮಡಿಚಿದಲ್ಲೆಲ್ಲ ಹರದಿರ್ತಿತ್ತು. ಗುಂಡೂರಾವ್ ಸರ್ಕಾರಕ್ಕ ಹೆಂಗ ಬೈದಾರ ಅಂತ ಓದಿ ಹೇಳಾಕ ನನ್ನ ಕೂಡಿಸ್ತಿದ್ರು, ಅಪ್ಪಗ ಓದಾಕ ಬರ್ತಿದ್ದಿಲ್ಲ.

1983ರಾಗ ಜನತಾ ಪಕ್ಷ 95 ಬಂತು, ಕಾಂಗ್ರೆಸ್ 82. ಸೋಮವಾರಪೇಟ್ಯಾಗ ಗುಂಡೂರಾವ್ ಅವ್ರ ಸೋತ್ರು. ರಾಜ್ಯದಾಗ ಮೊದಲನೇ ಸಲ ಕಾಂಗ್ರೆಸ್ ಅಲ್ಲದ ಸರ್ಕಾರ. ಗುಂಡೂರಾವ್ ಅವ್ರನ್ನ ಪತ್ರಿಕೆ ಸೋಲಿಸ್ತು ಅಂತ ಹೇಳವ್ರು ಈಗೂ ಅದಾರ. ನಾ ಒಪ್ಪಂಗಿಲ್ಲ. ರೈತರ ಸಿಟ್ಟಿತ್ತು, ಗೋಕಾಕ್ ಚಳವಳಿ ಆಗಿತ್ತು, ಅರಸು ಅವ್ರ ಕಡೆಯವ್ರು ಆಗಲೇ ಒಡದು ಹೋಗಿದ್ರು. ಪತ್ರಿಕೆ ಮಾಡಿದ್ದೇನಂದ್ರ, ಬ್ಯಾರೆ ಬ್ಯಾರೆ ಊರಿನ ಸಿಟ್ಟು ಒಂದ ಸಿಟ್ಟು ಅಂತ ತೋರಿಸ್ತು. ನೀವಂತೀರಿ ಪೇಪರ್ ವಿಷಯ ಮುಚ್ಚತೈತಿ ಅಂತ. ಆವಾಗ ತಗದಿತ್ತು ನೋಡ್ರಿ.

ಕಳಸದ ಮಾಣಿ

ನವಲಗುಂದದ ಅಣ್ಣ ಹೇಳಿದ್ದಕ್ಕೆ ಉಲ್ಟಾ ಕಥೆ ನಮ್ಮ ಜಿಲ್ಲೆಯದು. 1978ರ ಚಿಕ್ಕಮಗಳೂರು ಉಪಚುನಾವಣೆ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟಲ್ಲಿ ಇಂದಿರಾ ಗಾಂಧಿ, ಎದುರಿಗೆ ವೀರೇಂದ್ರ ಪಾಟೀಲ್. ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರ್ ಕತ್ತರಿ ತಿಂದ ಪತ್ರಿಕೆಗಳಿಗೆ ಇಂದಿರಾ ಮೇಲೆ ಕೋಪ ಆರಿರಲಿಲ್ಲ. ದೆಹಲಿಯಿಂದ, ವಿದೇಶದಿಂದೆಲ್ಲ ವರದಿಗಾರರು ಬಂದು ಇಳಿದರು, ಚಿಕ್ಕಮಗಳೂರಲ್ಲಿ ಲಾಡ್ಜ್ ಸಿಗ್ತಿರಲಿಲ್ಲ ಅಂತ ನಮ್ಮ ದೊಡ್ಡಪ್ಪ ಈಗಲೂ ಹೇಳ್ತಾರೆ. ಇಂದಿರಾ 77 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಕಾಫಿ ಎಸ್ಟೇಟ್ ಲೈನುಗಳಲ್ಲಿ ಆಗ ಪೇಪರ್ ಓದೋರು ಎಷ್ಟು ಜನ ಇದ್ದರು ಮಾರಾಯ್ರೆ?

2004ರದ್ದೂ ಅಷ್ಟೇ. ಭಾರತ ಪ್ರಕಾಶಿಸುತ್ತಿದೆ ಅಂತ ಪೇಪರ್ ತುಂಬ ವಾಜಪೇಯಿ ಸರ್ಕಾರದ ಜಾಹೀರಾತು. ಸೋತರು.

ಪಿಎಚ್‌ಡಿ ಮುಗಿಯದವಳು

ಗೆದ್ದರೋ ಸೋತರೋ ಅನ್ನೋದರಿಂದ ಪತ್ರಿಕೆ ಪ್ರಭಾವ ಅಳೆಯೋಕಾಗಲ್ಲ ಅನ್ನೋದು ನಮ್ಮ ಗೈಡ್ ದಿನಾ ಹೇಳೋ ಮಾತು. ಪತ್ರಿಕೆ ಇಲ್ಲದಿದ್ದರೆ ಏನಾಗ್ತಿತ್ತು ಅಂತ ನೋಡೋದು ಹೇಗೆ? ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. 2005ರಲ್ಲಿ ವರ್ಜೀನಿಯಾ ಗವರ್ನರ್ ಚುನಾವಣೆಗೆ ಮುಂಚೆ, ಪೇಪರ್ ತರಿಸದ ಮನೆಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ ವಾಷಿಂಗ್ಟನ್ ಪೋಸ್ಟ್, ಕೆಲವರಿಗೆ ವಾಷಿಂಗ್ಟನ್ ಟೈಮ್ಸ್ ಉಚಿತವಾಗಿ ಹಾಕಿಸಿದರು, ಇನ್ನು ಕೆಲವರಿಗೆ ಏನೂ ಇಲ್ಲ. ಪೋಸ್ಟ್ ಬಂದವರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಗೆ ಒಲವು 8 ಶೇಕಡಾ ಅಂಶ ಹೆಚ್ಚಿತ್ತು. ತಮಾಷೆ ಏನು ಗೊತ್ತಾ, ಬಲಪಂಥೀಯ ಅನ್ನಿಸಿಕೊಂಡ ಟೈಮ್ಸ್ ಓದಿದವರೂ ಅದೇ ದಿಕ್ಕಿಗೆ ವಾಲಿದ್ದರು. ರಾಜಕೀಯ ತಿಳಿವಳಿಕೆ ಮಾತ್ರ ಯಾರಿಗೂ ಹೆಚ್ಚಾಗಿರಲಿಲ್ಲ. ನಾನು ಇದನ್ನ ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ.

ಅಡಿಕೆತೋಟ ಅವರು ಹೇಳ್ತಿರೋದು ಇನ್ನೂ ಹಳೇದು. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆ ಹೊತ್ತಲ್ಲಿ ಮೆಕೂಂಬ್ಸ್ ಮತ್ತು ಶಾ ಅನ್ನೋರು ಚಾಪೆಲ್ ಹಿಲ್ ಊರಲ್ಲಿ ಇನ್ನೂ ಮನಸ್ಸು ಮಾಡದ 100 ಮತದಾರರನ್ನ ಮಾತಾಡಿಸಿದರು. ಪತ್ರಿಕೆಗಳು ಯಾವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದವೋ ಜನರ ಪಟ್ಟಿಯಲ್ಲೂ ಅದೇ ಮೇಲಿತ್ತು. ಎಲೆಚುಕ್ಕಿ ನಿಮ್ಮ ಚಿಕ್ಕಪ್ಪನ ಪಟ್ಟಿಯಿಂದ ಬಿದ್ದು ಹೋಗಿದ್ದು ಹೀಗೇ.

ಶಾಂತಕ್ಕ

ಗಂಡಸರೇ ಮಾತಾಡ್ತಿದ್ದೀರಿ (ಪಿಎಚ್‌ಡಿ ಮೇಡಂ ಬಿಟ್ಟು). ನಾನು ಸ್ವಸಹಾಯ ಸಂಘ ನಡೆಸೋಳು. 2023ರಲ್ಲಿ ಎರಡು ಸಾವಿರ ರೂಪಾಯಿ, ಉಚಿತ ಬಸ್ಸು ಅಂತ ಗ್ಯಾರಂಟಿ ಕಾರ್ಡ್ ಮನೆಮನೆಗೆ ಬಂತು, ಸಿದ್ದರಾಮಯ್ಯ, ಶಿವಕುಮಾರ್ ಇಬ್ಬರ ಸಹಿ ಹಾಕಿದ್ದು. ನಮ್ಮ ಸಂಘದಲ್ಲಿ ಆ ಒಂದು ತಿಂಗಳು ಬೇರೆ ಮಾತಿಲ್ಲ. ಪೇಪರ್ ತೆಗೆದರೆ ಬೊಕ್ಕಸಕ್ಕೆ ಎಷ್ಟು ಹೊರೆ, ಯಾವ ಜಾತಿ ಎಷ್ಟು ಶೇಕಡಾ, ಯಾರಿಗೆ ಟಿಕೆಟ್ ತಪ್ಪಿ ಯಾರು ಬಂಡಾಯ. ಹೆಂಗಸರು ಏನಂತಾರೆ ಅಂತ ನಮ್ಮ ಊರಿಗೆ ಬಂದು ಒಬ್ಬ ವರದಿಗಾರ ಕೇಳಲಿಲ್ಲ. ಫಲಿತಾಂಶ ಬಂದು ಕಾಂಗ್ರೆಸ್ಸಿಗೆ 135 ಸೀಟು ಅಂತಾದ ಮೇಲೆ ಮರುದಿನ "ಮಹಿಳೆಯರ ಮೌನ ಕ್ರಾಂತಿ" ಅಂತ ಬರೆದರು. ನಾವೆಲ್ಲಿ ಮೌನವಾಗಿದ್ವಿ? ಕಿವಿ ಕೊಟ್ಟವರಿಲ್ಲ ಅಷ್ಟೇ.

ಕಾಪಿ ಡೆಸ್ಕ್

ಅಕ್ಕಾ, ಆ ಹೆಡ್ಡಿಂಗ್ ಥರದ್ದು ನಾನೂ ಕೊಟ್ಟಿದ್ದೇನೆ. ಒಪ್ಕೊಂಡೆ.

ಲೆಸ್ಟರ್ ಕನ್ನಡಿಗ

ಇಲ್ಲಿ ಬ್ರಿಟನ್‌ನಲ್ಲಿ ಪತ್ರಿಕೆಗಳು ಯಾರಿಗೆ ಬೆಂಬಲ ಅಂತ ಬಾಯಿ ಬಿಟ್ಟೇ ಹೇಳ್ತವೆ. 1992ರಲ್ಲಿ ಕನ್ಸರ್ವೇಟಿವ್ ಗೆದ್ದಾಗ ಗೆಲ್ಲಿಸಿದ್ದು ನಾವೇ ಅಂತ ಸನ್ ಪತ್ರಿಕೆ ಮುಖಪುಟದಲ್ಲೇ ಜಂಬ ಕೊಚ್ಚಿಕೊಂಡಿತು. 1997ರಲ್ಲಿ ಲೇಬರ್ ಕಡೆ ಹಾರಿತು, ಲೇಬರ್ ಗೆದ್ದಿತು. ಗೆಲ್ಲಿಸೋದೋ, ಗೆಲ್ಲೋ ಕುದುರೆ ನೋಡಿ ಹತ್ತೋದೋ ದೇವರಿಗೇ ಗೊತ್ತು. ಆದರೂ ಓದುಗನಿಗೆ ಇದು ಯಾರ ಕಡೆ ಪೇಪರ್ ಅನ್ನೋದು ಗೊತ್ತಿರುತ್ತೆ. ನಮ್ಮಲ್ಲಿ ಸಂಪಾದಕೀಯದಲ್ಲಿ "ವಿವೇಚನೆಯಿಂದ ಮತ ಚಲಾಯಿಸಿ" ಅಂತ ಬುದ್ಧಿ ಹೇಳಿ, ಅದೇ ದಿನ ಮುಖಪುಟ ಪೂರ್ತಿ ಒಂದು ಪಕ್ಷದ ಜಾಕೆಟ್ ಜಾಹೀರಾತು.

ಕಾಪಿ ಡೆಸ್ಕ್

ಜಾಕೆಟ್ ವಿಷಯ ಬಂತಲ್ಲ. ಮತದಾನ ಮುಗಿಯೋಕೆ 48 ಗಂಟೆ ಮುಂಚೆ ಪ್ರಚಾರ ಬಂದ್ ಅಂತೀವಲ್ಲ, ಪ್ರಜಾಪ್ರತಿನಿಧಿ ಕಾಯ್ದೆಯ ಆ 126ನೇ ಕಲಂ ಸಭೆ, ಸಿನಿಮಾ, ಟೀವಿಗೆ ಅನ್ವಯ. ಅಚ್ಚಾದ ಪತ್ರಿಕೆ ಅದರಲ್ಲಿ ಬರಲ್ಲ. 2015ರ ಬಿಹಾರ ಚುನಾವಣೆ ಕೊನೇ ಹಂತದಲ್ಲಿ ಜಾಹೀರಾತಿನ ಗಲಾಟೆ ಆದ ಮೇಲೆ, ಮತದಾನದ ದಿನ ಮತ್ತು ಹಿಂದಿನ ದಿನದ ಪತ್ರಿಕಾ ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಬೇಕು ಅಂತ ಆಯೋಗ ಮಾಡಿತು. 2023ರಲ್ಲಿ ನಮ್ಮಲ್ಲೂ ಮೇ 9, 10ಕ್ಕೆ ಅದೇ ನಿಯಮ. ಗಮನಿಸಿ: ಜಾಹೀರಾತಿಗೆ. ಸುದ್ದಿ ವೇಷದಲ್ಲಿ ಬಂದಿದ್ದಕ್ಕೆ ಪ್ರಮಾಣಪತ್ರ ಯಾರು ಕೇಳ್ತಾರೆ?

ಬಯಲುಸೀಮೆ ಹುಡುಗ

ನಿನ್ನೆ ಜಂಬದಲ್ಲಿ ಪೇಪರ್ ಯಾರು ಓದ್ತಾರೆ ಅಂದಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನ್ನ ಕೇಳಿದೆ. ನಮ್ಮಪ್ಪ ಮೂವತ್ತು ವರ್ಷ ಒಂದೇ ಪಕ್ಷ. ಹೋದ ಸಲ ಬೇರೆಯವರಿಗೆ ಹಾಕಿದರಂತೆ. ಯಾಕೆ ಅಂದ್ರೆ, "ನೇರ ಹಣಾಹಣಿ ಅಂತ ಪೇಪರ್‌ನಲ್ಲಿ ಬಂದಿತ್ತಲ್ಲೋ. ನಮ್ಮೋನು ಲೆಕ್ಕಕ್ಕೇ ಇಲ್ಲ ಅಂದ ಮೇಲೆ ವೋಟು ಯಾಕೆ ದಂಡ ಮಾಡ್ಲಿ" ಅಂದರು. ಫಲಿತಾಂಶ ತೆಗೆದು ನೋಡಿದೆ. ಅವರ ಅಭ್ಯರ್ಥಿ ಮೂರನೇ ಜಾಗ, ಆದರೆ ಎರಡನೆಯವರಿಗೂ ಅವರಿಗೂ ಕೂದಲೆಳೆ ಅಂತರ. "ತ್ರಿಕೋನ ಸ್ಪರ್ಧೆ" ಅಂತ ಬಂದಿದ್ದರೆ?

ಹಳೇ ಬಂಡಲ್

ಹುಡುಗಾ, "ನೇರ ಹಣಾಹಣಿ" ಪ್ಯಾಕೇಜಿನಲ್ಲೇ ಬರುತ್ತೆ. ಮೂರನೆಯವರು ಪ್ಯಾಕೇಜ್ ತಗೊಂಡಿದ್ದರೆ ತ್ರಿಕೋನ ಆಗ್ತಿತ್ತು.

ನವಲಗುಂದದಾಂವ

ಯಪ್ಪಾ.

ಶಾಂತಕ್ಕ

ಅಡಿಕೆತೋಟ ಅವರೇ, ಆ ಎರಡು ಪೇಪರ್ ಇಟ್ಟುಕೊಂಡು ನೀವು ದೂರು ಕೊಡಲಿಲ್ವಾ?

ಅಡಿಕೆತೋಟ

ಕೊಡೋಕೆ ಹೋಗಿದ್ದೆ. ಒಂದು ಸರ್ಕಾರಿ ಟೇಬಲ್ ಮುಂದೆ ಎರಡೂ ಬಿಡಿಸಿಟ್ಟೆ. ಅವರು ಕನ್ನಡಕ ಸರಿ ಮಾಡಿಕೊಂಡು ಎರಡನ್ನೂ ಪೂರ್ತಿ ಓದಿದರು, ಪಾಪ. "ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಇದೆಯಾ?" ಅಂದರು. ಇಲ್ಲ ಅಂದೆ. "ಮತ್ತೆ?" ಅಂದರು. ಪೇಪರ್ ಮಡಿಚಿಕೊಂಡು ಬಂದೆ.

ಕಾಪಿ ಡೆಸ್ಕ್

ಛೆ, ರಸೀದಿ ಬೇಕಾಗೇ ಇಲ್ಲ ಸರ್. ಪ್ರತಿ ಜಿಲ್ಲೆಯಲ್ಲೂ ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ ಇರುತ್ತೆ. ಸಂಶಯ ಬಂದರೆ ಚುನಾವಣಾಧಿಕಾರಿ ಮೂಲಕ ಅಭ್ಯರ್ಥಿಗೆ ನೋಟಿಸ್ ಹೋಗುತ್ತೆ, 48 ಗಂಟೆಯಲ್ಲಿ ಉತ್ತರ ಕೊಡಬೇಕು. ಹೌದು ಅಂತ ತೀರ್ಮಾನವಾದರೆ ಆ ಜಾಗಕ್ಕೆ ಜಾಹೀರಾತಿನ ದರ ಹಾಕಿ ಖರ್ಚಿಗೆ ಸೇರಿಸ್ತಾರೆ. ಯಾವುದನ್ನ ಸಂಶಯಪಡಬೇಕು ಅಂತ ಆಯೋಗದ ಮಾರ್ಗಸೂಚಿಯಲ್ಲಿ ಉದಾಹರಣೆಗಳೇ ಇವೆ. ಪೈಪೋಟಿ ಪತ್ರಿಕೆಗಳಲ್ಲಿ ಒಂದೇ ಸುದ್ದಿ, ಒಂದೇ ಫೋಟೋ ಬರೋದು ಒಂದು. ಒಂದೇ ಪತ್ರಿಕೆಯ ಒಂದೇ ಪುಟದಲ್ಲಿ ಎದುರಾಳಿಗಳಿಬ್ಬರೂ ಗೆಲ್ತಾರೆ ಅಂತ ಬರೆಯೋದು ಇನ್ನೊಂದು. ನಿಮ್ಮ ಸಲೂನಿನಲ್ಲಿ ಎರಡೂ ಇದ್ದವು. ಇದು ಅವರಿಗೂ ಗೊತ್ತಿರಬೇಕಿತ್ತು.

ಅಡಿಕೆತೋಟ

ಇದು ಗೊತ್ತಿದ್ದರೆ ಅವತ್ತೇ ಅಲ್ಲಿಂದ ಏಳ್ತಿರಲಿಲ್ಲ. ಮುಂದಿನ ವಿಧಾನಸಭಾ ಚುನಾವಣೆಗೆ ಬರೆದಿಟ್ಟುಕೊಂಡಿದ್ದೀನಿ.

ಇನ್ನೊಂದು ಹೇಳೋದು ಮರೆತೆ. ಈ ಚರ್ಚೆ ಶುರು ಮಾಡಿದ ಮೇಲೆ ನಿನ್ನೆ ಸಲೂನಿಗೆ ಹೋಗಿ ಆ ಪೇಪರ್ ಮತ್ತೆ ತೋರಿಸಿದೆ. ಹಾರದ ಹಿಂದೆ ಅರ್ಧ ಮುಖ ಕಾಣೋ ಹುಡುಗ ಇದ್ದಾನಲ್ಲ, ಅವನು ನಮ್ಮ ಸಲೂನಿನವನ ತಂಗಿ ಮಗನಂತೆ. ಫೋಟೋ ತೆಗೆದದ್ದು ಹಿಂದಿನ ವರ್ಷ ರಥೋತ್ಸವದ ದಿನ. ಆ ಜನಸಾಗರ ತೇರಿಗೆ ಬಂದಿದ್ದು.